ಹಾರ್ಡ್‌ಡಿಸ್ಕ್ ಜೋಡಿಸಿದ ಕೂಡಲೇ ಬೆರಳಚ್ಚಿನ ಯಂತ್ರ ಕಾಣೆಯಾಗುತ್ತದೆ: ಮದರ್‌ಬೋರ್ಡ್ ಬದಲಿಸಲೇಬೇಕೆ?

ನಮಸ್ಕಾರ. ಜಮಖಂಡಿ ತಾಲ್ಲೂಕಿನ ನಿಮ್ಮ ಸೇವಾ ಕೇಂದ್ರದಲ್ಲಿ ಕೌಂಟರ್ ದೂರವಿರುವುದರಿಂದ ಮೂರು ಮೀಟರಿನ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ, ಅದರ ತುದಿಯ ನಾಲ್ಕು ಪೋರ್ಟಿನ ಹಬ್ಬಿಗೆ ಬೆರಳಚ್ಚಿನ ಯಂತ್ರ, ವೆಬ್‌ಕ್ಯಾಮ್ ಹಾಗೂ ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದ್ದೀರಿ. ಡಿಸ್ಕ್ ಹಾಕಿದರೆ ಬೆರಳಚ್ಚಿನ ಯಂತ್ರ ಕಾಣೆಯಾಗುತ್ತದೆ, ಕೆಲವೊಮ್ಮೆ ಡಿಸ್ಕ್ ಇಲ್ಲದಿದ್ದರೂ ಸ್ವಲ್ಪ ಹೊತ್ತು ಬಳಸದೆ ಬಿಟ್ಟರೆ ಅದು ಏಳುವುದಿಲ್ಲ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಎಂದಿದ್ದಾರೆ ಎಂದು ಬರೆದಿದ್ದೀರಿ. ನಾನು ವಿಜಯಪುರದಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವವನು. ನಿಮ್ಮ ವಿವರಣೆಯನ್ನು ಓದಿದರೆ ಮದರ್‌ಬೋರ್ಡಿನ ಮೇಲೆ ನನಗೆ ಕೊನೆಯ ಅನುಮಾನ, ಕೇಬಲ್ ಮತ್ತು ಹಬ್ಬಿನ ಮೇಲೆ ಮೊದಲನೆಯದು.

ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ನೀಲಿ ಬಣ್ಣದ 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಸ್ವಂತ ಅಡಾಪ್ಟರ್ ಇಲ್ಲದ 2.0 ಹಬ್ ಆ 500ರಲ್ಲಿಯೇ ತಾನೂ ಬದುಕಿ, ಉಳಿದದ್ದನ್ನು ನಾಲ್ಕು ಪೋರ್ಟಿಗೆ ತಲಾ 100ರಂತೆ ಹಂಚಬೇಕು. ಲ್ಯಾಪ್‌ಟಾಪಿನಲ್ಲಿರುವಂಥ ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಒಂದು ಆಂಪಿಯರಿನ ಹತ್ತಿರ ಎಳೆಯಬಲ್ಲದು. ಅಗ್ಗದ ಹಬ್‌ಗಳು ಈ ಮಿತಿಯನ್ನು ಕಾಯುವುದೂ ಇಲ್ಲ; ಇದ್ದ ವಿದ್ಯುತ್ತನ್ನು ಕೇಳಿದವರಿಗೆಲ್ಲ ಬಿಟ್ಟುಬಿಡುತ್ತವೆ, ವೋಲ್ಟೇಜ್ ಕುಸಿದಾಗ ಯಾವುದು ಸೂಕ್ಷ್ಮವೋ ಅದು ಮೊದಲು ಸಂಪರ್ಕ ಕಡಿದುಕೊಳ್ಳುತ್ತದೆ.

ಇದಕ್ಕೆ ನಿಮ್ಮ ಕೇಬಲ್ಲನ್ನು ಸೇರಿಸಿ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧವಿರುತ್ತದೆ. ಮೂರು ಮೀಟರ್ ಹೋಗಿ ಮೂರು ಮೀಟರ್ ಮರಳುವ ದಾರಿಗೆ ಅದು 1.26 ಓಮ್ ಆಗುತ್ತದೆ, ಅದರಲ್ಲಿ ಅರ್ಧ ಆಂಪಿಯರ್ ಹರಿದರೆ 0.63 ವೋಲ್ಟ್ ದಾರಿಯಲ್ಲಿಯೇ ಹೋಗುತ್ತದೆ. ಪೋರ್ಟಿನಲ್ಲಿ ಸರಿಯಾಗಿ 5 ವೋಲ್ಟ್ ಇದ್ದರೂ ಹಬ್ಬಿಗೆ ತಲುಪುವುದು 4.4ರ ಆಸುಪಾಸು ಮಾತ್ರ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಂತೆಯೇ ಇದು. ಕಂಪ್ಯೂಟರಿನಲ್ಲಿ ದೋಷವನ್ನು ಹುಡುಕುವ ಮೊದಲು ಈ ಕೇಬಲ್ ತೆಗೆದು, ಬೆರಳಚ್ಚಿನ ಯಂತ್ರವನ್ನು ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟಿಗೆ ನೇರವಾಗಿ, ಡಿಸ್ಕನ್ನು ಹಿಂಬದಿಯ ಇನ್ನೊಂದು ನೀಲಿ ಪೋರ್ಟಿಗೆ ಹಾಕಿ ಒಂದು ದಿನ ಕೆಲಸ ಮಾಡಿ. ಮುಂಬದಿಯ ಪೋರ್ಟುಗಳು ಒಳಗೆ ಮತ್ತೊಂದು ತೆಳು ತಂತಿಯ ಮೂಲಕ ಬೋರ್ಡಿಗೆ ಸೇರುವುದರಿಂದ ಪರೀಕ್ಷೆಗೆ ಅವು ಬೇಡ. ತೊಂದರೆ ನಿಂತರೆ, 5 ವೋಲ್ಟ್ 2 ಅಥವಾ 3 ಆಂಪಿಯರಿನ ಸ್ವಂತ ಅಡಾಪ್ಟರ್ ಇರುವ ಹಬ್ ತಂದು ಕೌಂಟರಿನ ಮೇಲಿಡಿ. ಆಗ ಉದ್ದದ ಕೇಬಲ್ ಹೆಚ್ಚುಕಡಿಮೆ ಮಾಹಿತಿಯನ್ನಷ್ಟೇ ಸಾಗಿಸುತ್ತದೆ. ಕೊಂಡ ಮೇಲೆ ಒಂದನ್ನು ಪರೀಕ್ಷಿಸಿ: ಕಂಪ್ಯೂಟರಿನ ಪ್ಲಗ್ ಕಿತ್ತ ಮೇಲೂ ಹಿಂಬದಿಯ ಪೋರ್ಟಿನಲ್ಲಿರುವ ಕೀಬೋರ್ಡಿನ ದೀಪ ಉರಿಯುತ್ತಿದ್ದರೆ ಆ ಹಬ್ ಅಡಾಪ್ಟರಿನ ವಿದ್ಯುತ್ತನ್ನು ಹಿಮ್ಮುಖವಾಗಿ ಕಂಪ್ಯೂಟರಿಗೆ ನೂಕುತ್ತಿದೆ ಎಂದರ್ಥ, ಅದನ್ನು ಅಂಗಡಿಗೆ ಮರಳಿಸಿ.

ಬಳಸದೆ ಬಿಟ್ಟಾಗ ಯಂತ್ರ ಏಳದಿರುವುದು ಬೇರೆಯೇ ವಿಷಯ, ಅದಕ್ಕೆ ಖರ್ಚಿಲ್ಲ. ವಿಂಡೋಸ್ ವಿದ್ಯುತ್ ಉಳಿಸಲು ಸುಮ್ಮನಿರುವ ಸಾಧನವನ್ನು ಮಲಗಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿಯೊಂದು ಯುಎಸ್‌ಬಿ ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಸಾಧನವನ್ನು ಬಂದ್ ಮಾಡಲು ಕಂಪ್ಯೂಟರಿಗೆ ಅನುಮತಿ ನೀಡುವ ಟಿಕ್ ಗುರುತನ್ನು ತೆಗೆಯಿರಿ. ಪವರ್ ಆಪ್ಶನ್ಸ್‌ನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನೂ ನಿಷ್ಕ್ರಿಯಗೊಳಿಸಿ.

ಕೈ ಜುಮ್ಮೆನ್ನುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ಟಿನಲ್ಲಿ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅಲ್ಪ ಪ್ರಮಾಣದ ಸೋರಿಕೆಯನ್ನು ಅರ್ಥಿಂಗಿಗೆ ಇಳಿಸುವಂತೆ ರಚಿತವಾಗಿವೆ, ಅರ್ಥಿಂಗ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನಲ್ಲಿಯೇ ನಿಂತು ನಿಮ್ಮ ಕೈಗೆ ತಾಗುತ್ತದೆ. ಬೆರಳಚ್ಚಿನ ಯಂತ್ರದ ಮೇಲೆ ಬೆರಳಿಡುವ ಹಿರಿಯರಿಗೂ ತಾಗಬಹುದು. ಎರಡು ಪಿನ್ನಿನ ಪ್ಲಗ್ ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಅರ್ಥಿಂಗಿಗೆ ಬಹಳ ಒಳ್ಳೆಯದು, ಆದರೆ ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಆ ಗುಂಡಿಗೆ ಆಗಾಗ ನೀರು ಹಾಕುವುದನ್ನು ಕಟ್ಟಡದ ಮಾಲೀಕರಿಗೆ ನೆನಪಿಸಿ, ವಯರಿಂಗನ್ನು ಎಲೆಕ್ಟ್ರಿಷಿಯನ್ನರಿಂದ ತೋರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಹಿಂಬದಿಯ ಪೋರ್ಟಿನಲ್ಲಿಯೇ ಸಾಧನಗಳು ಕಾಣೆಯಾದರೆ ಯುಎಸ್‌ಬಿ ಟೆಸ್ಟರ್ ಎಂಬ ಸಣ್ಣ ಮೀಟರನ್ನು ನಡುವೆ ಸಿಕ್ಕಿಸಿ, ಡಿಸ್ಕ್ ತಿರುಗುವಾಗ ವೋಲ್ಟೇಜ್ ನೋಡಿ. ಅದು 4.75ರಿಂದ 5.25ರೊಳಗೆ ಇರಬೇಕು. ಕೆಳಗಿಳಿದರೆ ಎಸ್‌ಎಂಪಿಎಸ್ ದಣಿದಿರುವ ಸಾಧ್ಯತೆ ಹೆಚ್ಚು, ಬೇರೆ ಕಂಪ್ಯೂಟರಿನ ಎಸ್‌ಎಂಪಿಎಸ್ ಹಾಕಿ ನೋಡುವಂತೆ ಅದೇ ಅಂಗಡಿಯವರನ್ನು ಕೇಳಿ. ಆನ್ ಮಾಡುವಾಗ ಓವರ್ ಕರೆಂಟ್ ಎಂಬ ಎಚ್ಚರಿಕೆ ಬಂದು ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತಿದ್ದರೆ, ಮುಂಬದಿಯ ಪೋರ್ಟಿನಲ್ಲಿ ಬಾಗಿದ ಪಿನ್ ಒಂದಕ್ಕೊಂದು ತಾಗಿರಬಹುದು. ಆ ಪೋರ್ಟಿನ ತಂತಿಯನ್ನು ಬೋರ್ಡಿನಿಂದ ಬಿಡಿಸಿ ಮತ್ತೆ ಆನ್ ಮಾಡಿ ನೋಡಬೇಕು. ಎಸ್‌ಎಂಪಿಎಸ್ ಬದಲಿಸಿ, ಈ ತಂತಿ ಬಿಡಿಸಿದ ಮೇಲೂ ವೋಲ್ಟೇಜ್ ನಿಲ್ಲದಿದ್ದರೆ ಮಾತ್ರ ಮದರ್‌ಬೋರ್ಡಿನ ಮಾತು.