ನಗುವವರೆಲ್ಲ ಸ್ಮೈಲ್ ಮಾಡುವುದಿಲ್ಲ

ಈ ಸಲದ ಟಪಾಲಿನಲ್ಲಿ ನಗುವಿನದೇ ಕಾರುಬಾರು. ನಗುವವರನ್ನು ಇಂಗ್ಲಿಷಿನಲ್ಲಿ ಹೇಗೆ ವರ್ಣಿಸಬೇಕು ಎಂದು ಐದು ಜನ ಐದು ಕಾರಣಕ್ಕೆ ಕೇಳಿದ್ದಾರೆ. ಮೊದಲನೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಬರೆದವರು ಮಾಡಿದ ತಪ್ಪನ್ನೇ ನಾನೂ ಒಮ್ಮೆ ಮಾಡಿದ್ದೆ, ಅದಕ್ಕೆ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಹಿರಿಯರೊಬ್ಬರು ನಿವೃತ್ತರಾಗುತ್ತಿದ್ದಾರೆ. ಯಾವಾಗಲೂ ನಗುಮುಖ. ಬೀಳ್ಕೊಡುಗೆ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಸ್ಮೈಲ್’ ಪದ ನಾಲ್ಕು ಸಲ ಬಂದಿತ್ತು. ಒಂದು ಕಡೆ ಬದಲಾಯಿಸೋಣ ಎಂದು ‘ಸ್ಮರ್ಕ್’ ಹಾಕಿದೆ: ‘ಹಿ ಗ್ರೀಟೆಡ್ ಅಸ್ ಎವ್ರಿ ಮಾರ್ನಿಂಗ್ ವಿತ್ ಎ ಸ್ಮರ್ಕ್.’ ಮಗಳು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಬಳಿ ಇರುವ ಚಿಕ್ಕ ನಿಘಂಟಿನಲ್ಲಿ ಎರಡಕ್ಕೂ ‘ಮುಗುಳ್ನಗು’ ಎಂದೇ ಇದೆ. ನನ್ನ ತಪ್ಪೇನು?

ಉತ್ತರ: ಮಗಳಿಗೆ ಒಂದು ಥ್ಯಾಂಕ್ಸ್ ಹೇಳಿಬಿಡಿ. ಅವಳು ಮನೆಯಲ್ಲೇ ನಕ್ಕಿದ್ದರಿಂದ ಸಭೆಯವರು ನಗುವುದು ತಪ್ಪಿತು. ನಿಮ್ಮ ವಾಕ್ಯ ಕೇಳಿದವರು ‘ಈ ಮಹಾಶಯರು ದಿನಾ ಬೆಳಿಗ್ಗೆ ನಮ್ಮನ್ನು ನೋಡಿ, ನಿಮಗೇನು ಗೊತ್ತು ಬಿಡಿ ಎಂಬ ಹಾಗೆ ತುಟಿ ಓರೆ ಮಾಡುತ್ತಿದ್ದರು’ ಎಂದು ತಿಳಿದುಕೊಳ್ಳುತ್ತಿದ್ದರು.

ನನ್ನ ಕಥೆ ಇದಕ್ಕಿಂತ ಕೆಟ್ಟದ್ದು. ಆಗಿನ್ನೂ ಅನುವಾದದ ಕೆಲಸಕ್ಕೆ ಕೈಹಾಕಿದ ಹೊಸದು. ಕನ್ನಡ ಕಾದಂಬರಿಯೊಂದನ್ನು ಇಂಗ್ಲಿಷಿಗೆ ತರುತ್ತಿದ್ದೆ. ಅದರಲ್ಲಿ ಎಲ್ಲರೂ ಮಾತು ಮಾತಿಗೂ ಮುಗುಳ್ನಗುತ್ತಿದ್ದರು. ಕೂತು ಎಣಿಸಿದೆ, 43 ಸಲ. ಎಲ್ಲ ಕಡೆ ‘ಸ್ಮೈಲ್ಡ್’ ಎಂದು ಬರೆಯಲು ನಾಚಿಕೆಯಾಯಿತು. ಇಂಗ್ಲಿಷ್ ಬರದವನು ಅಂದುಕೊಂಡಾರು ಎಂಬ ಭಯ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಥೆಸಾರಸ್ ತೆಗೆದೆ. ಗ್ರಿನ್, ಬೀಮ್, ಸ್ಮರ್ಕ್, ಸಿಂಪರ್, ಲೀರ್ ಎಂದು ಸಾಲಾಗಿ ನಿಂತಿದ್ದವು. ಇಸ್ಪೀಟಿನ ಎಲೆ ಹಂಚಿದ ಹಾಗೆ ಹಂಚಿದೆ. ನಾಯಕಿಗೆ ಸಿಂಪರ್ ಹೋಯಿತು. ಹೊಸದಾಗಿ ಮನೆ ತುಂಬಿದ ಸೊಸೆಯನ್ನು ಅಕ್ಕರೆಯಿಂದ ನೋಡಿ ನಗುವ ಮಾವನ ಪಾಲಿಗೆ ಲೀರ್ ಬಿತ್ತು.

ಹಸ್ತಪ್ರತಿ ತಿರುಗಿ ಬಂತು. ಆ ಸಾಲಿನ ಸುತ್ತ ಕೆಂಪು ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಸಂಪಾದಕಿಯ ಇರುವೆಯಂಥ ಅಕ್ಷರ: ‘ಈ ಮುದುಕನ ಕಣ್ಣು ಸೊಸೆಯ ಮೇಲಿದೆಯೇ? ಮೂಲದಲ್ಲಿ ಹಾಗಿಲ್ಲವಲ್ಲ!’ ಲೀರ್ ಎಂದರೆ ಕೆಟ್ಟ ಆಸೆಯ ಕಣ್ಣಿಟ್ಟು ನಗುವುದು. ಆ ಪಾಪದ ಮಾವ ಇಡೀ ಕಾದಂಬರಿಯಲ್ಲಿ ಯಾರನ್ನೂ ತಲೆ ಎತ್ತಿ ಮಾತಾಡಿಸಿದವರಲ್ಲ.

ತಪ್ಪು ಥೆಸಾರಸ್ಸಿನದಲ್ಲ. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಮೊದಲು ಅದನ್ನು ಹೊರತಂದಾಗ ಪದಗಳನ್ನು ವಿಷಯದ ಪ್ರಕಾರ ಗುಂಪು ಕಟ್ಟಿದ್ದ, ಅಷ್ಟೇ. ಒಂದೇ ಗುಂಪಿನ ಫೋಟೋದಲ್ಲಿ ನಿಂತವರೆಲ್ಲ ಒಂದೇ ಸ್ವಭಾವದವರೇ? ಸ್ಮೈಲ್ ಒಂದನ್ನು ಬಿಟ್ಟರೆ ಈ ಪದಗಳು ನಕ್ಕದ್ದನ್ನು ಹೇಳಿ ಸುಮ್ಮನಾಗುವುದಿಲ್ಲ. ನೋಡಿದವರಿಗೆ ಆ ನಗು ಹೇಗೆ ಕಂಡಿತು ಎಂಬುದನ್ನೂ ಸೇರಿಸಿ ಹೇಳುತ್ತವೆ. ನೀವು ಸ್ಮರ್ಕ್ ಎಂದು ಬರೆದ ಕೂಡಲೇ ಆ ಮನುಷ್ಯನನ್ನು ನೀವು ಇಷ್ಟಪಡುವುದಿಲ್ಲ ಎಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ಕನ್ನಡದಲ್ಲೂ ಹೀಗೇ ತಾನೆ? ‘ನಕ್ಕ’ ಎನ್ನುವುದಕ್ಕೂ ‘ಹಲ್ಲು ಕಿಸಿದ’ ಎನ್ನುವುದಕ್ಕೂ ಎಷ್ಟು ದೂರ! ಎರಡನೆಯದರಲ್ಲಿ ನಕ್ಕವನಿಗಿಂತ ಹೇಳುವವನ ಸಿಟ್ಟೇ ಜಾಸ್ತಿ ಕಾಣುತ್ತದೆ.

ಸ್ಮರ್ಕ್‌ನ ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಸುಮ್ನೆ ನಗುವುದು ಎಂದೇ ಅರ್ಥವಿತ್ತು. ಸ್ಮೈಲ್ ಆಮೇಲೆ ಬಂದದ್ದು, ಸುಮಾರು 1300ರ ಹೊತ್ತಿಗೆ, ಬಹುಶಃ ಸ್ಕ್ಯಾಂಡಿನೇವಿಯಾದ ಕಡೆಯಿಂದ. ಬಂದದ್ದೇ ಒಳ್ಳೆಯ ನಗುವನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡಿತು. ಮೊದಲಿನಿಂದ ಮನೆಯಲ್ಲಿದ್ದ ಸ್ಮರ್ಕ್‌ಗೆ ಉಳಿದದ್ದು ಜಂಬದ ನಗು, ಗೆದ್ದೆ ಎಂಬ ನಗು, ಇನ್ನೊಬ್ಬ ಎಡವಿದಾಗಿನ ನಗು.

ಗ್ರಿನ್‌ನದು ಉಲ್ಟಾ ಕಥೆ. ಅದು ಹುಟ್ಟಿದ್ದು ನೋವಿಗೋ ಸಿಟ್ಟಿಗೋ ಹಲ್ಲು ತೋರಿಸುವುದಕ್ಕೆ. ಕಾಲ ಕಳೆದಂತೆ ಮೆತ್ತಗಾಗಿ ಈಗ ಅಗಲವಾಗಿ, ಹಲ್ಲು ಕಾಣುವ ಹಾಗೆ ಖುಷಿಯಿಂದ ನಗುವುದಾಗಿದೆ. ಚೆಶೈರ್ ಬೆಕ್ಕಿನಂತೆ ಗ್ರಿನ್ ಮಾಡುವುದು ಎಂಬ ಮಾತು ಲೂಯಿಸ್ ಕ್ಯಾರೊಲ್ ಬರೆದ ‘ಆ್ಯಲಿಸ್ ಇನ್ ವಂಡರ್‌ಲ್ಯಾಂಡ್’ ಎಂಬ ಮಕ್ಕಳ ಕಥೆಯಿಂದ ಬಂತು ಎಂದು ಸುಮಾರು ಜನ ನಂಬಿದ್ದಾರೆ. ಆ ಕಥೆ 1865ರದು. ಮಾತು ಅದಕ್ಕೂ ಹಳೆಯದು. ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಮಾತುಗಳ ಪದಕೋಶದಲ್ಲಿ 1788ರಲ್ಲೇ, ಹಲ್ಲು ವಸಡು ಎರಡೂ ಕಾಣುವಂತೆ ನಗುವವರಿಗೆ ಹೀಗೆನ್ನುತ್ತಾರೆ ಎಂದು ಬರೆದಿಟ್ಟಿದ್ದಾನೆ. ಗೆಳೆಯರಿಗೆ, ತುಂಟ ಹುಡುಗರಿಗೆ ಗ್ರಿನ್ ಚೆನ್ನಾಗಿ ಹೊಂದುತ್ತದೆ. ನಿವೃತ್ತರಾಗುವ ಹಿರಿಯರಿಗೆ ಸ್ವಲ್ಪ ಸಲಿಗೆ ಜಾಸ್ತಿಯಾಯಿತು.

ಬೀಮ್ ಎಂದರೆ ಬೆಳಕಿನ ಕಿರಣ. ಮುಖಕ್ಕೆ ಹೇಳಿದಾಗ ನಮ್ಮ ‘ಮುಖ ಅರಳಿತು’ ಎಂಬುದಕ್ಕೆ ಹತ್ತಿರ. ಮೊಮ್ಮಗಳ ಹೆಸರನ್ನು ವೇದಿಕೆಯಿಂದ ಕರೆದಾಗ ಅಜ್ಜಿ ಬೀಮ್ ಮಾಡುತ್ತಾರೆ. ಅದು ಆ ಗಳಿಗೆಯದು. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ ಹಾಕುತ್ತಾ ಬೀಮ್ ಮಾಡಲು ಯಾರಿಂದಲೂ ಆಗದು. ಸಿಂಪರ್ ಎಂದರೆ ಬಿಂಕ ಬೆರೆಸಿದ ಪೆಚ್ಚು ನಗು. ಬೈಗುಳ ಎಂದೇ ಇಟ್ಟುಕೊಳ್ಳಿ.

ಈಗ ನಿಮ್ಮ ಭಾಷಣ. ನಾಲ್ಕು ಸಲ ಸ್ಮೈಲ್ ಬಂದರೆ ತಪ್ಪಿಲ್ಲ. ಬೇಕೇ ಬೇಕು ಎಂದರೆ ಒಂದು ಕಡೆ ‘ಹಿ ಹ್ಯಾಡ್ ಎ ರೆಡಿ ಸ್ಮೈಲ್’ ಎನ್ನಿ. ಯಾರು ಬಂದರೂ ನಗು ತಯಾರಾಗಿತ್ತು ಎಂಬ ಭಾವ ಅದರಲ್ಲಿದೆ. ‘ಕ್ವಿಕ್ ಟು ಸ್ಮೈಲ್’ ಕೂಡ ಒಳ್ಳೆಯದೇ. ಇನ್ನೊಂದು ಕಡೆ ಪದವನ್ನೇ ಬಿಟ್ಟು, ಅವರು ನಕ್ಕ ಒಂದು ದಿನವನ್ನು ಹೇಳಿ. ಕೆಲಸಕ್ಕೆ ಸೇರಿದ ಮೊದಲ ವಾರ ನೀವು ಯಾವುದೋ ಕಡತ ಕಳೆದುಕೊಂಡು ಬೆವರುತ್ತಾ ನಿಂತಿದ್ದಾಗ ಅವರ ಮುಖ ಹೇಗಿತ್ತು? ಅದನ್ನು ಎರಡು ಸಾಲು ಬರೆಯಿರಿ.

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ಎ ಸ್ಮೈಲಿಂಗ್ ಪರ್ಸನ್’ ಎಂದು ಬರೆಯಬಹುದೇ? ಹಸನ್ಮುಖಿ ಎಂಬುದಕ್ಕೆ ಬೇರೆ ಪದ ಹೊಳೆಯಲಿಲ್ಲ.

ಉತ್ತರ: ಬೇಡ. ‘ಸ್ಮೈಲಿಂಗ್’ ಎಂದರೆ ಈ ಕ್ಷಣ ನಗುತ್ತಿರುವುದು. ಅರ್ಜಿ ಓದುವವರಿಗೆ ನೀವು ಪೆನ್ನು ಹಿಡಿದು ನಗುತ್ತಾ ಕೂತ ಚಿತ್ರ ಬರುತ್ತದೆ. ಸ್ವಭಾವ ಹೇಳಬೇಕಾದರೆ ‘ಚಿಯರ್‌ಫುಲ್’ ಸಾಕು. ‘ಗುಡ್ ಹ್ಯೂಮರ್ಡ್’ ಎಂದರೆ ಸುಲಭಕ್ಕೆ ಮುನಿಯದವರು. ‘ಆ್ಯಫಬಲ್’ ಎಂದರೆ ಯಾರು ಬೇಕಾದರೂ ಹತ್ತಿರ ಹೋಗಿ ಮಾತಾಡಿಸಬಹುದಾದವರು. ‘ಸನಿ’ ಎಂಬುದೂ ಇದೆ, ಬಿಸಿಲಿನಂಥ ಸ್ವಭಾವ ಎಂದು. ಅದನ್ನು ನಿಮ್ಮ ಬಗ್ಗೆ ಬೇರೆಯವರು ಹೇಳಿದರೆ ಚೆಂದ, ನೀವೇ ಹೇಳಿಕೊಂಡರೆ ಅಲ್ಲ. ‘ಸ್ಮೈಲಿ’ ಆಡುಮಾತಿಗೆ ಸರಿ, ಅರ್ಜಿಗೆ ಅಲ್ಲ. ಇನ್ನು ನನ್ನನ್ನು ಕೇಳಿದರೆ, ಅರ್ಜಿಯಲ್ಲಿ ನಗುವಿನ ಸುದ್ದಿಯೇ ಬೇಡ. ಸಂದರ್ಶನಕ್ಕೆ ಹೋದಾಗ ನಕ್ಕುಬಿಡಿ.

ಪ್ರಶ್ನೆ: ನಮ್ಮ ‘ದೇಶಾವರಿ ನಗೆ’ಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಉತ್ತರ: ಒಳ್ಳೆಯ ಪದ ನೆನಪಿಸಿದಿರಿ. ದೇಶಾವರಿ ನಗೆಯಲ್ಲಿ ಮೋಸವಿಲ್ಲ, ಪ್ರೀತಿಯೂ ಇಲ್ಲ. ಸಭ್ಯತೆಗೆ ಎಷ್ಟು ಬೇಕೋ ಅಷ್ಟು ತುಟಿ ಅಗಲಿಸುವುದು. ‘ಪೊಲೈಟ್ ಸ್ಮೈಲ್’ ಇದಕ್ಕೆ ಹತ್ತಿರ. ‘ಪರ್ಫಂಕ್ಟರಿ ಸ್ಮೈಲ್’ ಎಂದರೆ ಶಾಸ್ತ್ರಕ್ಕೆ ನಕ್ಕದ್ದು. ‘ಫೋರ್ಸ್ಡ್ ಸ್ಮೈಲ್’ ಬಲವಂತದ್ದು. ‘ಫಿಕ್ಸ್ಡ್ ಸ್ಮೈಲ್’ ಎಂದರೆ ಅಂಟಿಸಿಕೊಂಡ ಹಾಗೆ ಕದಲದೇ ಇರುವುದು, ಆರತಕ್ಷತೆಯ ಎರಡನೇ ತಾಸಿನಲ್ಲಿ ಮದುಮಗನ ಮುಖದ ಮೇಲಿರುವುದು.

ಇನ್ನೊಂದು ಸ್ವಾರಸ್ಯದ ಹೆಸರು ‘ಪ್ಯಾನ್ ಆ್ಯಮ್ ಸ್ಮೈಲ್’. ಅಮೆರಿಕದ ಆ ವಿಮಾನ ಕಂಪನಿಯ ಗಗನಸಖಿಯರು ಪ್ರತಿ ಪ್ರಯಾಣಿಕನಿಗೂ ಕೊಡುತ್ತಿದ್ದ ನಗುವಿನಿಂದ ಬಂದದ್ದು. ಕಂಪನಿ 1991ರಲ್ಲಿ ಬಾಗಿಲು ಹಾಕಿತು, ನಗು ಉಳಿಯಿತು. ಇದರ ಎದುರಿಗೆ ನಿಲ್ಲುವುದು ‘ಡುಶೆನ್ ಸ್ಮೈಲ್’. ಫ್ರಾನ್ಸಿನ ನರವೈದ್ಯ ಗಿಯೋಮ್ ಡುಶೆನ್ ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ, ಫೋಟೋ ತೆಗೆಸಿ, 1862ರಲ್ಲಿ ಪುಸ್ತಕ ಮಾಡಿದ. ಅವನು ಕಂಡದ್ದು ಇಷ್ಟು: ತುಟಿಯ ಮೂಲೆಯನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ, ನಿಜವಾದ ಖುಷಿ ಬಂದಾಗ ತಾನಾಗಿ ಕುಗ್ಗಿ ಕಣ್ಣಂಚಿನಲ್ಲಿ ಗೆರೆ ಮೂಡಿಸುತ್ತದೆ. ಹತ್ತು ವರ್ಷದ ನಂತರ ಡಾರ್ವಿನ್ ಕೂಡ ತನ್ನ ಪುಸ್ತಕದಲ್ಲಿ ಈ ಫೋಟೋಗಳನ್ನು ಬಳಸಿಕೊಂಡ. ಬೇಕೆಂದೇ ಕಣ್ಣಂಚನ್ನೂ ಕುಗ್ಗಿಸಬಲ್ಲ ಗಟ್ಟಿಗರು ಇದ್ದಾರೆ ಎಂದು ಈಚಿನವರು ಕಂಡುಕೊಂಡಿದ್ದಾರೆ, ಆ ಮಾತು ಬೇರೆ. ಇಂಗ್ಲಿಷ್ ಕಥೆಗಳಲ್ಲಿ ‘ದ ಸ್ಮೈಲ್ ಡಿಡ್ ನಾಟ್ ರೀಚ್ ಹರ್ ಐಸ್’ ಎಂಬ ಸಾಲು ಪದೇ ಪದೇ ಸಿಗುತ್ತದಲ್ಲ, ಅದು ಹೇಳುವುದೂ ಇದನ್ನೇ. ಸವೆದುಹೋದ ಸಾಲು. ನೀವು ಕಥೆ ಬರೆಯುವವರಾದರೆ ದಯವಿಟ್ಟು ಬಳಸಬೇಡಿ.

ಪ್ರಶ್ನೆ: ಚಕಲ್, ಗಿಗಲ್, ಸ್ನಿಗರ್ ಎಲ್ಲ ಒಂದೇ ಅಲ್ವಾ ಸರ್? ಪರೀಕ್ಷೆಗೆ ಬೇಕು.

ಉತ್ತರ: ಒಂದೇ ಅಲ್ಲಪ್ಪ. ಇವು ಸದ್ದಿರುವ ನಗು, ಹಾಗಾಗಿ ಕಣ್ಣು ಮುಚ್ಚಿ ಕೇಳಿಸಿಕೊಂಡರೆ ಸಾಕು. ಏನೋ ನೆನೆಸಿಕೊಂಡು ಗಂಟಲಲ್ಲೇ ಮೆಲ್ಲಗೆ ನಕ್ಕರೆ ಚಕಲ್. ಕಿಲಕಿಲ ಎಂದರೆ ಗಿಗಲ್. ಇನ್ನೊಬ್ಬರನ್ನು ಆಡಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ಮುಸಿಮುಸಿ ನಕ್ಕರೆ ಸ್ನಿಗರ್, ಅಮೆರಿಕದಲ್ಲಿ ಸ್ನಿಕರ್. ಗಹಗಹಿಸಿದರೆ ಗಫಾ. ಕ್ಯಾಕಲ್ ಮೊದಲಿಗೆ ಮೊಟ್ಟೆಯಿಟ್ಟ ಕೋಳಿಯ ಸದ್ದು, ಆಮೇಲೆ ಹಾಗೆ ನಗುವವರಿಗೂ ಅಂಟಿಕೊಂಡಿತು. ಹೊಗಳಿಕೆಯಲ್ಲ. ಚಾರ್ಟಲ್ ಎಂಬ ಪದಕ್ಕೆ ಹುಟ್ಟಿದ ವರ್ಷವೇ ಗೊತ್ತಿದೆ, 1871. ಲೂಯಿಸ್ ಕ್ಯಾರೊಲ್ ಚಕಲ್‌ಗೆ ಸ್ನಾರ್ಟ್ ಸೇರಿಸಿ ಹೊಸೆದದ್ದು. ಸ್ನಾರ್ಟ್ ಎಂದರೆ ಮೂಗಿನಿಂದ ಭುಸ್ ಎನ್ನುವುದು. ನಗು ತಡೆಯಲಾಗದೆ ಮೂಗಿನಿಂದಲೂ ಹೊರಬಂತು ಎಂದುಕೊಳ್ಳಿ.

ಪರೀಕ್ಷೆಗೆ ಇನ್ನೊಂದು ಉಪಾಯ. ಫೋನಿನ ಎಮೋಜಿ ಹುಡುಕುವ ಜಾಗದಲ್ಲಿ ‘ಸ್ಮರ್ಕ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡು. ತುಟಿಯ ಒಂದೇ ಮೂಲೆ ಎತ್ತಿ ಓರೆಗಣ್ಣಲ್ಲಿ ನೋಡುವ ಮುಖ ಬರುತ್ತದೆ. ‘ಗ್ರಿನ್’ ಎಂದರೆ ಬಾಯಿ ತೆರೆದ ಖುಷಿಯ ಮುಖ. ‘ಗ್ರಿಮೆಸ್’ ಎಂದು ಹುಡುಕಿದರೆ ಎರಡು ಸಾಲು ಹಲ್ಲು ಕಚ್ಚಿ ಹಿಡಿದ ಮುಖ. ಅದನ್ನು ಎಷ್ಟೋ ಜನ ನಗು ಅಂದುಕೊಂಡು ಶುಭಾಶಯಕ್ಕೆ ಕಳಿಸುತ್ತಾರೆ. ಗ್ರಿಮೆಸ್ ಎಂದರೆ ನೋವಿಗೋ ಮುಜುಗರಕ್ಕೋ ಮುಖ ಕಿವುಚುವುದು. ನನ್ನ ಹುಟ್ಟುಹಬ್ಬಕ್ಕೆ ಹಳೆಯ ಗೆಳೆಯನೊಬ್ಬ ಅಂಥವನ್ನು ಆರು ಕಳಿಸಿದ್ದ.

ಪ್ರಶ್ನೆ: ಮುಗುಳ್ನಗೆ ಎಂಬುದಕ್ಕೆ ಸರಿಸಾಟಿಯಾದ ಇಂಗ್ಲಿಷ್ ಪದ ಯಾವುದು?

ಉತ್ತರ: ಸಿಕ್ಕಿಲ್ಲ. ಮುಗುಳು ಎಂದರೆ ಮೊಗ್ಗು. ಪೂರ್ತಿ ಅರಳದ, ಆದರೆ ಅರಳುವುದು ಖಾತ್ರಿ ಎನಿಸುವ ನಗು. ‘ಹಾಫ್ ಸ್ಮೈಲ್’ ಎಂದರೆ ಅಳತೆ ಬಂತು, ಮೊಗ್ಗು ಹೋಯಿತು. ‘ಫೇಂಟ್ ಸ್ಮೈಲ್’ ಎಂದರೆ ಕಾಯಿಲೆಯವರ ನಗು ಎನಿಸುತ್ತದೆ. ‘ರೈ ಸ್ಮೈಲ್’ ಅಂತೂ ಅಲ್ಲವೇ ಅಲ್ಲ. ರೈ ಎಂದರೆ ಸೊಟ್ಟ, ತಿರುಚಿದ್ದು. ಆಗಬಾರದ್ದು ಆಗಿಹೋದಾಗ ತನ್ನನ್ನು ತಾನೇ ನೋಡಿ ನಗುವುದು ಅದು.

ಸ್ಮಿತ ಎಂಬ ಪದ ಮಾತ್ರ ಸ್ಮೈಲ್‌ಗೆ ದೂರದ ನೆಂಟ. ಇಂಡೋ-ಯುರೋಪಿಯನ್ ಭಾಷೆಗಳ ಒಂದೇ ಬೇರಿನಿಂದ ಎರಡೂ ಬಂದಿವೆ. ನಾಟ್ಯಶಾಸ್ತ್ರದಲ್ಲಿ ಆರು ಬಗೆಯ ನಗುವಿದೆ, ಮೊದಲನೆಯದೇ ಸ್ಮಿತ. ಅದರಲ್ಲಿ ಹಲ್ಲು ಕಾಣಬಾರದು. ಆರರಲ್ಲಿ ಎರಡೆರಡನ್ನು ಉತ್ತಮ, ಮಧ್ಯಮ, ಅಧಮ ಪಾತ್ರಗಳಿಗೆ ಹಂಚಿಯೂ ಕೊಟ್ಟಿದ್ದಾರೆ. ನಾನು ಇಸ್ಪೀಟಿನ ಹಾಗೆ ಹಂಚಿದ್ದಕ್ಕಿಂತ ಯೋಚಿಸಿ ಹಂಚಿದ್ದು.

ನನ್ನ 43 ಮುಗುಳ್ನಗೆ ಏನಾದವು ಎಂದು ಕೇಳಬಹುದು. ಸಂಪಾದಕಿಯೂ ನಾನೂ ಒಂದು ಮಧ್ಯಾಹ್ನ ಕೂತು ಒಂದೊಂದೇ ನೋಡಿದೆವು. ಮಾತೇ ನಗುತ್ತಿದ್ದ ಕಡೆಗಳಲ್ಲೆಲ್ಲ ಹೊಡೆದುಹಾಕಿದೆವು. ಕೊನೆಗೆ ಹನ್ನೊಂದು ಉಳಿದವು, ಹನ್ನೊಂದೂ ‘ಸ್ಮೈಲ್ಡ್’. ಮಾವನದೂ ಅದರಲ್ಲಿದೆ.