ಜಿನೀವಾದಲ್ಲಿ ಓದು, ಇಂಟರ್ನ್‌ಶಿಪ್ ಮತ್ತು ಫ್ರೆಂಚ್

ಪ್ರಶ್ನೆ: ನಾನು ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಸ್ನಾತಕೋತ್ತರ ಓದಿಗೆ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋಗಬೇಕೆಂದಿದ್ದೇನೆ. ವಿಶ್ವಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಅದರಿಂದ ಬರುವ ಹಣದಲ್ಲಿ ಊಟ, ಬಾಡಿಗೆ ತೂಗಿಸಿಕೊಳ್ಳಬಹುದೆಂಬುದು ನನ್ನ ಲೆಕ್ಕ. ಅಲ್ಲಿನ ಕಚೇರಿಗಳಲ್ಲಿ ಇಂಗ್ಲಿಷ್ ಸಾಕೆನ್ನುತ್ತಾರೆ. ಹಾಗಿದ್ದರೆ ಫ್ರೆಂಚ್ ಕಲಿಯಲೇಬೇಕೇ?

ಉತ್ತರ: ನಿಮ್ಮ ವಿಷಯಕ್ಕೆ ಜಿನೀವಾ ಒಳ್ಳೆಯ ಆಯ್ಕೆ. ಆದರೆ ಹಣದ ಲೆಕ್ಕವನ್ನು ಮಾತ್ರ ಈಗಲೇ ಹೊಸದಾಗಿ ಹಾಕಿಕೊಳ್ಳಿ. ವಿಶ್ವಸಂಸ್ಥೆಯ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ. ಪ್ರಯಾಣ, ವಸತಿ, ವಿಮೆ ಎಲ್ಲವೂ ಅಭ್ಯರ್ಥಿಯ ಕೈಯಿಂದಲೇ ಹೋಗಬೇಕು. 2015ರಲ್ಲಿ ಬಾಡಿಗೆ ಭರಿಸಲಾಗದ ಇಂಟರ್ನ್ ಒಬ್ಬ ಸರೋವರದ ದಂಡೆಯಲ್ಲಿ ಗುಡಾರ ಹಾಕಿಕೊಂಡಿದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅದರಲ್ಲಿ ಗಮನ ಸೆಳೆಯುವ ಉದ್ದೇಶವೂ ಇತ್ತೆಂದು ಆಮೇಲೆ ಆತನೇ ಹೇಳಿದನಾದರೂ, ಸಂಬಳವಿಲ್ಲವೆಂಬ ಸಂಗತಿಯೇನೂ ಸುಳ್ಳಾಗಿರಲಿಲ್ಲ. ವಿಶ್ವಸಂಸ್ಥೆಗೆ ಸೇರಿದ ಎಲ್ಲ ಸಂಸ್ಥೆಗಳೂ ಹೀಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಭತ್ಯೆ ಕೊಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ 2020ರಿಂದ ಕೊಡುತ್ತಿದೆ. ಆದರೆ ಅಲ್ಲಿ ಪೈಪೋಟಿ ದೊಡ್ಡದು. ಅದೂ ಅಲ್ಲದೆ 2025ರಲ್ಲಿ ದೇಣಿಗೆ ಕುಸಿದ ಮೇಲೆ ಜಿನೀವಾದ ಹಲವು ಸಂಸ್ಥೆಗಳು ಹುದ್ದೆಗಳನ್ನೇ ಕಡಿತಗೊಳಿಸಿವೆ. ಸಿಕ್ಕರೆ ಸಿಗಲಿ ಎಂಬ ಹಣವನ್ನು ನಂಬಿ ಎರಡು ವರ್ಷದ ಓದಿಗೆ ಹೊರಡಬೇಡಿ.

ಅಲ್ಲಿ ವಿದ್ಯಾರ್ಥಿಯೊಬ್ಬರ ತಿಂಗಳ ಖರ್ಚು 2,000 ಸ್ವಿಸ್ ಫ್ರಾಂಕ್ ಆಸುಪಾಸಿಗೆ ಬರುತ್ತದೆ. ಜಿನೀವಾ ವಿಶ್ವವಿದ್ಯಾಲಯದ ಶುಲ್ಕ ಬಹುಕಾಲದಿಂದ ಸೆಮಿಸ್ಟರಿಗೆ 500 ಫ್ರಾಂಕ್‌ನಷ್ಟೇ ಇರುವುದರಿಂದ, ನಿಜವಾದ ಹೊರೆ ಕಾಲೇಜಿನದಲ್ಲ, ಮನೆಯದು. ಯುರೋಪಿನ ಹೊರಗಿನಿಂದ ಬಂದ ವಿದ್ಯಾರ್ಥಿಗಳು ಓದು ಶುರುವಾಗಿ ಆರು ತಿಂಗಳು ಕಳೆಯುವವರೆಗೆ ಹೊರಗೆ ದುಡಿಯುವಂತಿಲ್ಲ. ಆಮೇಲೂ ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 15 ಗಂಟೆಯ ಮಿತಿಯಿದೆ. ಆದ್ದರಿಂದ ಮೊದಲ ವರ್ಷದ ಪೂರ್ತಿ ಖರ್ಚನ್ನು ವಿದ್ಯಾರ್ಥಿವೇತನದಿಂದಲೋ ಉಳಿತಾಯದಿಂದಲೋ ಹೊಂದಿಸಿಕೊಂಡೇ ಹೊರಡುವುದು ಕ್ಷೇಮ.

ಇನ್ನು ಫ್ರೆಂಚ್. ಇಂಗ್ಲಿಷ್ ಸಾಕೆಂದು ನಿಮಗೆ ಹೇಳಿದವರು ಕಚೇರಿಯ ಒಳಗಿನ ಮಾತನ್ನಷ್ಟೇ ಹೇಳಿದ್ದಾರೆ. 1559ರಲ್ಲಿ ಕ್ರೈಸ್ತ ಧರ್ಮ ಸುಧಾರಕ ಕ್ಯಾಲ್ವಿನ್ ಸ್ಥಾಪಿಸಿದ ಶಾಲೆಯಿಂದ ಬೆಳೆದು ಬಂದ ಜಿನೀವಾ ವಿಶ್ವವಿದ್ಯಾಲಯದಲ್ಲಿ ಹೆಚ್ಚಿನ ಸ್ನಾತಕೋತ್ತರ ತರಗತಿಗಳು ಇಂದಿಗೂ ಫ್ರೆಂಚಿನಲ್ಲಿಯೇ ನಡೆಯುತ್ತವೆ. 1927ರಲ್ಲಿ ಆರಂಭವಾದ, ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನಕ್ಕೇ ಮೀಸಲಾದ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಗ್ಲಿಷಿನಲ್ಲಿ ಓದಬಹುದು, ಆದರೆ ಅಲ್ಲಿನ ಶುಲ್ಕ ಹಲವು ಪಟ್ಟು ಹೆಚ್ಚು. ಹೀಗೆ ನೋಡಿದರೆ ಫ್ರೆಂಚ್ ಬಂದವರಿಗೆ ಓದೇ ಅಗ್ಗವಾಗುತ್ತದೆ. ಮನೆ ಹುಡುಕುವಾಗಲೂ ಅಷ್ಟೇ: ಬಾಡಿಗೆ ಏಜೆನ್ಸಿಗಳು ಅರ್ಜಿಯ ಜೊತೆಗೆ ನಿಮ್ಮ ಮೇಲೆ ಸಾಲ ವಸೂಲಿಯ ಪ್ರಕರಣಗಳಿಲ್ಲವೆಂಬ ಸರ್ಕಾರಿ ಪತ್ರ, ಆದಾಯದ ದಾಖಲೆ, ಜಾಮೀನುದಾರರ ಸಹಿ ಕೇಳುತ್ತವೆ, ಮೂರು ತಿಂಗಳ ಬಾಡಿಗೆಯವರೆಗೂ ಠೇವಣಿ ಇಡಬೇಕಾಗುತ್ತದೆ, ಮತ್ತು ಈ ಕಾಗದಪತ್ರವೆಲ್ಲ ಫ್ರೆಂಚಿನಲ್ಲಿರುತ್ತದೆ. ಹೊಸಬರಿಗೆ ವಿದ್ಯಾರ್ಥಿ ನಿಲಯವೇ ಸುಲಭ. ಪ್ರವೇಶಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ. ಗಡಿಯಾಚೆಯ ಫ್ರಾನ್ಸಿನಲ್ಲಿ ಬಾಡಿಗೆ ಕಡಿಮೆಯೆಂದು ಕೆಲವರು ಸಲಹೆ ಕೊಡಬಹುದು, ಆದರೆ ಅಲ್ಲಿ ನೆಲೆಸಲು ಆ ದೇಶದ ಪ್ರತ್ಯೇಕ ಪರವಾನಗಿ ಬೇಕು.

ಯುರೋಪಿನ ಭಾಷಾ ಮಾಪನದ ಪ್ರಕಾರ ದಿನನಿತ್ಯದ ವ್ಯವಹಾರಕ್ಕೆ ಎ2 (ಆರಂಭಿಕ) ಮಟ್ಟ ಸಾಕು, ತರಗತಿಗೆ ಬಿ2 (ಸರಾಗವಾಗಿ ಮಾತಾಡಬಲ್ಲ ಮಟ್ಟ) ಬೇಕು. ಸೊನ್ನೆಯಿಂದ ಬಿ2 ತಲುಪಲು ಐದಾರು ನೂರು ಗಂಟೆಗಳ ಕಲಿಕೆ ಹಿಡಿಯುತ್ತದೆಂದುಕೊಂಡು ಈ ತಿಂಗಳಿನಿಂದಲೇ ಆರಂಭಿಸಿ. ಪರೀಕ್ಷೆ ಕಟ್ಟುವುದಾದರೆ ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆ ಕಟ್ಟಿ. ಆ ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ; ಟಿಸಿಎಫ್ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆಯ ಫಲಿತಾಂಶಕ್ಕಾದರೆ ಎರಡೇ ವರ್ಷ ಬೆಲೆ.

ಇಂಟರ್ನ್‌ಶಿಪ್ ಹುಡುಕುವವರು ಸಾಮಾನ್ಯವಾಗಿ ವಿಶ್ವಸಂಸ್ಥೆಯ ಲಾಂಛನದಾಚೆಗೆ ನೋಡುವುದಿಲ್ಲ. ನನಗೆ ಕೇಳಿದರೆ, ಆ ಊರಿನ ನಿಜವಾದ ಲಾಭವಿರುವುದು ಅಲ್ಲಿ ಬೀಡುಬಿಟ್ಟಿರುವ ಸಣ್ಣ ಸರ್ಕಾರೇತರ ಸಂಸ್ಥೆಗಳಲ್ಲಿ. 47 ಸದಸ್ಯ ರಾಷ್ಟ್ರಗಳ ಮಾನವ ಹಕ್ಕು ಮಂಡಳಿ ವರ್ಷಕ್ಕೆ ಮೂರು ಬಾರಿ ವಾರಗಟ್ಟಲೆ ಸೇರುತ್ತದೆ. ಆಗ ಈ ಸಂಸ್ಥೆಗಳಿಗೆ ಕಲಾಪವನ್ನು ಕೂತು ಕೇಳಿ ಬರೆಯುವವರು ಬೇಕಾಗುತ್ತಾರೆ. ಇಂಟರ್ನ್ ಹಿಂದಿನ ಸಾಲಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗುವ ಹೇಳಿಕೆಗಳನ್ನು ಒಂದರ ಹಿಂದೊಂದರಂತೆ ಟಿಪ್ಪಣಿ ಮಾಡಿಕೊಂಡು, ಸಂಜೆಯ ಹೊತ್ತಿಗೆ ಯಾವ ದೇಶ ಯಾವ ನಿಲುವು ತಾಳಿತೆಂಬ ಸಾರಾಂಶ ಸಿದ್ಧಪಡಿಸಬೇಕು. ಫ್ರೆಂಚಿನಲ್ಲಿ ಮಾತಾಡುವ ಪ್ರತಿನಿಧಿಯನ್ನು ಅನುವಾದವಿಲ್ಲದೆ ನೇರವಾಗಿ ಕೇಳಬಲ್ಲವರ ಟಿಪ್ಪಣಿಗೆ ಅಲ್ಲಿ ತೂಕ ಹೆಚ್ಚು. ಮುಖ್ಯ ಅಧಿವೇಶನ ಫೆಬ್ರವರಿ ಕೊನೆಗೋ ಮಾರ್ಚ್‌ಗೋ ಆರಂಭವಾಗುವುದರಿಂದ, ಅದಕ್ಕಾಗಿ ಹಿಂದಿನ ಶರತ್ಕಾಲದಲ್ಲಿಯೇ ಅರ್ಜಿ ಹಾಕಿರಬೇಕು. ಈ ಕೆಲಸಗಳಲ್ಲೂ ಹಣ ಹೆಚ್ಚಿಲ್ಲ. ಪಠ್ಯಕ್ರಮದ ಭಾಗವಾಗಿ ಮಾಡಿದರೆ ಕ್ರೆಡಿಟ್ ಸಿಗುತ್ತದೆ, ಆದರೆ ಓದಿನ ಅಂಗವಾದ ಇಂಟರ್ನ್‌ಶಿಪ್‌ಗೆ ಜಿನೀವಾ ಪ್ರಾಂತ್ಯದ ಕನಿಷ್ಠ ವೇತನದ ನಿಯಮ ಅನ್ವಯಿಸುವುದಿಲ್ಲವೆಂಬುದು ತಿಳಿದಿರಲಿ.

ಸಚಿವಾಲಯದ ಇಂಟರ್ನ್‌ಶಿಪ್‌ಗೆ ಪದವಿಯ ಅಂತಿಮ ವರ್ಷದವರೂ ಅರ್ಹರು. ಅರ್ಜಿ ತುಂಬುವ ಅಭ್ಯಾಸಕ್ಕಾದರೂ ಈಗಲೇ ಒಂದನ್ನು ಕಳಿಸಿ ನೋಡಿ.

ಪ್ರಶ್ನೆ: ನನ್ನ ಮಗನಿಗೆ ಜಿನೀವಾದ ವಿಶ್ವಸಂಸ್ಥೆಯಲ್ಲಿ ಸಂಬಳಸಹಿತ ಇಂಟರ್ನ್‌ಶಿಪ್ ಖಾತ್ರಿ ಎಂದು ಒಬ್ಬ ಏಜೆಂಟರು ಹೇಳಿ, ನೋಂದಣಿ ಶುಲ್ಕ ಕೇಳುತ್ತಿದ್ದಾರೆ. ಕಟ್ಟಬಹುದೇ?

ಉತ್ತರ: ಕಟ್ಟಬೇಡಿ. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಪಡೆಯುವುದಿಲ್ಲ. ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವೇ ಇಲ್ಲದಿರುವುದರಿಂದ ಆ ಮಾತೂ ಸುಳ್ಳೇ. ನಿಮ್ಮ ಮಗ ಅಧಿಕೃತ ನೇಮಕಾತಿ ಜಾಲತಾಣದಲ್ಲಿ ತಾನೇ ಖಾತೆ ತೆರೆದು ಅರ್ಜಿ ಹಾಕಬಹುದು. ಈಗಾಗಲೇ ಪಾಸ್‌ಪೋರ್ಟ್ ಪ್ರತಿ ಅಥವಾ ಬ್ಯಾಂಕ್ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ಇಂದೇ ತಿಳಿಸಿ.