ಗುಡ್ಡದ ಊರಿನ ಮಳೆಗಾಲದ ಸಿದ್ಧತೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಂಗಳೂರಿನಲ್ಲಿ ನನ್ನ ತಮ್ಮನ ಬಡಾವಣೆಯವರು ನೆರೆ ಎದುರಿಸಲು ತಾವೇ ಒಂದು ತಂಡ ಮಾಡಿಕೊಂಡಿದ್ದಾರೆ. ಅದೇ ಮಾದರಿಯನ್ನು ನಮ್ಮೂರಿನಲ್ಲಿ ಅನುಸರಿಸಬಹುದೇ? ಅರವತ್ತು ಮನೆಗಳಿವೆ, ಜೊತೆಗೆ ಎರಡು ಎಸ್ಟೇಟಿನ ಲೈನ್ ಮನೆಗಳು (ಕಾರ್ಮಿಕರ ಸಾಲು ಮನೆಗಳು).
– ಮೂಡಿಗೆರೆ ತಾಲ್ಲೂಕಿನ ಓದುಗರು

ತಂಡ ಕಟ್ಟುವ ರೀತಿಯನ್ನು ಅನುಸರಿಸಬಹುದು, ಅವರ ಎಚ್ಚರಿಕೆಯ ಲೆಕ್ಕವನ್ನಲ್ಲ. ಕರಾವಳಿ ನಗರದಲ್ಲಿ ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ಕಾಲುವೆಯ ನೀರು ಹೊರಹೋಗದೆ ಬಡಾವಣೆಗೆ ನುಗ್ಗುತ್ತದೆ. ಉಬ್ಬರ ಇಳಿಯಲು ಸುಮಾರು ಆರು ಗಂಟೆ ಬೇಕು. ಅಲ್ಲಿನವರು ಉಬ್ಬರದ ಹೊತ್ತು ನೋಡಿಕೊಂಡು, ಸಾಮಾನು ಮಹಡಿಗೆ ಸಾಗಿಸಿ ಕಾಯಬಹುದು. ಗುಡ್ಡ ಜಾರುವಾಗ ಅಷ್ಟು ಸಮಯ ಸಿಗುವುದಿಲ್ಲ, ಮಹಡಿ ಹತ್ತಿ ಪ್ರಯೋಜನವೂ ಇಲ್ಲ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಯಲ್ಲಿ, ನಿಮ್ಮದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಆದದ್ದನ್ನು ನಿಮಗೆ ಹೇಳಬೇಕಿಲ್ಲ. ಆದ್ದರಿಂದ ನಿಮ್ಮ ತಂಡದ ಮುಖ್ಯ ಕೆಲಸ ರಕ್ಷಣೆಯಲ್ಲ. ಯಾರು, ಯಾವಾಗ, ಎಲ್ಲಿಗೆ ಹೋಗಬೇಕೆಂದು ಮೊದಲೇ ನಿರ್ಧರಿಸಿಡುವುದು.

ಹತ್ತು–ಹನ್ನೆರಡು ಜನ ಸಾಕು. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪಂಚಾಯಿತಿಯ ನೀರುಗಂಟಿ, ಜೀಪು ಇರುವ ಇಬ್ಬರು, ಎರಡೂ ಎಸ್ಟೇಟಿನ ರೈಟರ್‌ಗಳು (ಹಾಜರಿ, ಲೆಕ್ಕ ಬರೆಯುವವರು) ಇರಲೇಬೇಕು. ಪ್ರತಿ ಕೆಲಸಕ್ಕೂ ಇಬ್ಬರ ಹೆಸರು ಬರೆಯಿರಿ. ಒಬ್ಬರ ಹೆಸರಷ್ಟೇ ಬರೆದರೆ ಅವರು ಹಾಸನಕ್ಕೋ ಬೆಂಗಳೂರಿಗೋ ಹೋದ ದಿನ ಆ ಕೆಲಸ ನಿಂತುಹೋಗುತ್ತದೆ.

ಮನೆಪಟ್ಟಿಯಲ್ಲಿ ಹಾಸಿಗೆ ಹಿಡಿದವರು, ಬಾಣಂತಿಯರು, ತುಂಬು ಗರ್ಭಿಣಿಯರು, ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ಬೇಕಾದವರನ್ನು ಗುರುತು ಮಾಡಿ. ಇವರಲ್ಲಿ ಆಸ್ಪತ್ರೆ ಬೇಕಾದವರನ್ನು ರಸ್ತೆ ತೆರೆದಿರುವಾಗಲೇ ಪೇಟೆಯ ಕಡೆ ಕಳಿಸಬೇಕು. ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರಿದ್ದರೆ ಅವರ ಹೆಸರು ಮತದಾರರ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಪಟ್ಟಿಯಿಂದ ಬಿಟ್ಟುಹೋಗುವವರು ಅವರೇ. ಎಷ್ಟೋ ಕಡೆ ಲೈನ್ ಮನೆ ಇರುವುದೂ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡದಲ್ಲೇ. ರೈಟರ್ ಕೈಯಲ್ಲಿರುವ ಹಾಜರಿ ಪುಸ್ತಕದಿಂದ ಹೆಸರು ಎತ್ತಿಕೊಂಡು, ಮಕ್ಕಳನ್ನೂ ಸೇರಿಸಿ, ಅವರಲ್ಲೇ ಒಬ್ಬರನ್ನು ತಂಡಕ್ಕೆ ತನ್ನಿ. ಎಚ್ಚರಿಕೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೋಗಬೇಕು.

ಪ್ರಶ್ನೆ: ರೆಡ್ ಅಲರ್ಟ್ ಎಂದ ದಿನ ಬಿಸಿಲು, ಏನೂ ಹೇಳದ ದಿನ ಗುಡ್ಡ ಕುಸಿತ. ಯಾವುದನ್ನು ನಂಬಿ ಮನೆ ಬಿಡುವುದು?
– ಸಕಲೇಶಪುರದ ಓದುಗರು

ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ. ಅರಸೀಕೆರೆಯೂ ಸಕಲೇಶಪುರವೂ ಒಂದೇ ಜಿಲ್ಲೆ, ಕಡೂರೂ ಕೊಟ್ಟಿಗೆಹಾರವೂ ಒಂದೇ ಜಿಲ್ಲೆ. ಅಲರ್ಟನ್ನು ತಯಾರಾಗಲು ಬಳಸಿ, ಮನೆ ಬಿಡಲು ನಿಮ್ಮೂರಿನ ಮಳೆಯ ಅಳತೆಯನ್ನು ಬಳಸಿ.

ಇದರಲ್ಲಿ ಕಾಫಿ ಸೀಮೆಗೆ ಇರುವ ಅನುಕೂಲ ಬೇರೆ ಕಡೆ ಇಲ್ಲ. ಎಷ್ಟೋ ಎಸ್ಟೇಟುಗಳಲ್ಲಿ ಮಳೆಮಾಪಕವಿದೆ, ದಶಕಗಳ ಮಳೆ ಪುಸ್ತಕವಿದೆ. 2018 ಮತ್ತು 2019ರ ಪುಟ ತೆಗೆಯಿರಿ. ಸುತ್ತಮುತ್ತ ಧರೆ ಕುಸಿದ ದಿನಕ್ಕೆ ಹಿಂದಿನ ಒಂದು, ಮೂರು, ಏಳು ದಿನಗಳ ಮಳೆಯನ್ನು ಬೇರೆ ಬೇರೆ ಕೂಡಿ. ನಿಮ್ಮ ಗುಡ್ಡ ಎಷ್ಟು ನೀರು ತಡೆಯುತ್ತದೆ ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಒಂದು ದಿನದ ಮಳೆಗಿಂತ ಮೂರು ದಿನದ ಮೊತ್ತ ಮುಖ್ಯ. ಮಣ್ಣು ನೀರು ಕುಡಿದು ಭಾರವಾದಂತೆ ಕೆಳಗಿನ ಬಂಡೆಗೂ ಮಣ್ಣಿಗೂ ನಡುವೆ ನೀರು ಸೇರಿ ಹಿಡಿತ ಸಡಿಲವಾಗುತ್ತದೆ. ಹೀಗೆ ನೆನೆದ ಗುಡ್ಡಕ್ಕೆ ಎರಡು ಗಂಟೆಯ ಜಡಿಮಳೆಯೇ ಸಾಕಾಗಬಹುದು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ. ಎಸ್ಟೇಟಿನ ಭಾಷೆಯಲ್ಲಿ ಸುಮಾರು ನಾಲ್ಕೂವರೆ ಇಂಚು. ಹಳೆಯ ಪುಸ್ತಕ ಇಲ್ಲದ ಊರಿಗೆ ನಮ್ಮ ಸಲಹೆ: ಎರಡು ದಿನ ಸತತ ಇಷ್ಟು ಬಿದ್ದು ಮೂರನೆಯ ದಿನ ಮಧ್ಯಾಹ್ನದವರೆಗೂ ಬಿಡುವು ಕೊಡದಿದ್ದರೆ, ಧರೆಯ ಕೆಳಗಿನ ಮನೆಯವರು ಸಂಜೆ ನಾಲ್ಕರೊಳಗೆ ಹೊರಡಬೇಕು. ಒಂದೆರಡು ಮಳೆಗಾಲ ನೋಡಿ ಈ ಅಂಕಿಯನ್ನು ತಿದ್ದಿಕೊಳ್ಳಿ. ಆದರೆ ಹೊತ್ತನ್ನು ಮುಂದೂಡಬೇಡಿ. ಕರೆಂಟ್ ಹೋಗಿ, ಮೊಬೈಲ್ ಟವರ್ ನಿಂತು, ಕತ್ತಲಲ್ಲಿ ಹಳ್ಳ ದಾಟಿಸುವುದು ಗುಡ್ಡ ಕುಸಿತದಷ್ಟೇ ಅಪಾಯ.

ಅಳೆಯುವಾಗ ತಪ್ಪುವುದು ಜಾಗದಲ್ಲಿ. ಮಾಪಕ ಸೂರಿನ ಹತ್ತಿರವೋ ಸಿಲ್ವರ್ ಓಕ್ ಮರದ ಕೆಳಗೋ ಇದ್ದರೆ ಲೆಕ್ಕ ಸುಳ್ಳಾಗುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಿ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ. ಮಳೆ ಜೋರಿದ್ದರೆ ಮೂರು ಗಂಟೆಗೊಮ್ಮೆ ನೋಡಿ ಬರೆದಿಡಿ.

ಮಾಪಕ ಏನೇ ಹೇಳಲಿ, ಕೆಲವು ಲಕ್ಷಣ ಕಂಡರೆ ಆ ಕ್ಷಣ ಹೊರಡಿ. ಮನೆಯ ಹಿಂದೆ ಹೊಸದಾಗಿ ಜಲ ಎದ್ದು ಕೆಸರು ನೀರು ಬರುವುದು, ತುಂಬಿ ಹರಿಯುತ್ತಿದ್ದ ಹಳ್ಳ ಏಕಾಏಕಿ ಸಣ್ಣದಾಗುವುದು (ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರುತ್ತದೆ), ವಿದ್ಯುತ್ ಕಂಬ ವಾಲುವುದು, ನಿನ್ನೆವರೆಗೆ ಸಲೀಸಾಗಿದ್ದ ಬಾಗಿಲು ಕಚ್ಚಿಕೊಳ್ಳುವುದು. ಹೊರಡುವಾಗ ಹಳ್ಳದ ಉದ್ದಕ್ಕೆ ಓಡಬೇಡಿ, ಪಕ್ಕದ ದಿಣ್ಣೆಯ ಕಡೆ ಅಡ್ಡ ಹೋಗಿ.

ಪ್ರಶ್ನೆ: ಮನೆಯ ಹಿಂದಿನ ಧರೆಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದೆ. ಸಿಮೆಂಟ್ ತುಂಬಬಹುದೇ?
– ಕೊಪ್ಪದ ಓದುಗರು

ಬೇಡ. ಮಣ್ಣು ಕದಲಿದಂತೆ ಸಿಮೆಂಟ್ ಬೇರ್ಪಟ್ಟು ಅದೇ ಸಂದಿನಲ್ಲಿ ನೀರು ಇಳಿಯುತ್ತದೆ. ಜೇಡಿಮಣ್ಣು ತುಂಬಿ ಗುದ್ದಿ, ಟಾರ್ಪಾಲು ಹೊದಿಸಿ. ಬಿರುಕಿನಿಂದ ಮೇಲ್ಭಾಗದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ, ಪಕ್ಕದವರ ಅಂಗಳಕ್ಕಲ್ಲ. ಮೇಲೆ ತೊಟ್ಟಿಲು ಗುಂಡಿಗಳಿದ್ದರೆ (ಮಳೆ ನೀರು ಇಂಗಲೆಂದು ತೋಟದಲ್ಲಿ ತೋಡುವ ಗುಂಡಿಗಳು) ಬಾಯಿ ಬಿಡಿಸಿ ನೀರು ಹೊರಹೋಗುವಂತೆ ಮಾಡಿ. ಬೇಸಿಗೆಗೆ ಒಳ್ಳೆಯದಾದ ಆ ಗುಂಡಿ ಬಿರುಕುಬಿಟ್ಟ ಇಳಿಜಾರಿನಲ್ಲಿ ನೀರನ್ನು ಒಳಕ್ಕೆ ಇಳಿಸುತ್ತದೆ.

ಬಿರುಕಿನ ಎರಡೂ ಬದಿ ಒಂದೊಂದು ಗೂಟ ಹೊಡೆದು ನಡುವಿನ ಅಂತರ ದಿನಾ ಅಳೆಯಿರಿ. ಹೆಚ್ಚುತ್ತಿದ್ದರೆ ಅಲ್ಲಿ ಮಲಗಬೇಡಿ, ಗ್ರಾಮ ಆಡಳಿತಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ಇಷ್ಟೆಲ್ಲ ಮಳೆಗಾಲ ಕಳೆಯುವವರೆಗಿನ ತಾತ್ಕಾಲಿಕ ಉಪಾಯ ಮಾತ್ರ.

ಪ್ರಶ್ನೆ: ಸೇತುವೆ ಮುಳುಗಿದಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವುದು ಸುರಕ್ಷಿತವೇ?
– ಕಳಸದ ಓದುಗರು

ಖಂಡಿತ ಅಲ್ಲ. ಕಾಲು ಜಾರಿದರೆ ಹಗ್ಗ ಬಿಗಿಯುತ್ತದೆ, ಹರಿವಿನ ಒತ್ತಡ ಕಟ್ಟಿಕೊಂಡವರನ್ನು ನೀರಿನಡಿಗೆ ಒತ್ತಿ ಹಿಡಿಯುತ್ತದೆ. ರಭಸದ ನೀರು ಅರ್ಧ ಅಡಿ ಇದ್ದರೂ ಮನುಷ್ಯರನ್ನು ಬೀಳಿಸಬಲ್ಲದು, ಒಂದಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು. ಹೆಬ್ಬಾಳೆ ಸೇತುವೆ ಮುಳುಗಿದರೆ ಸುತ್ತುದಾರಿಯೇ ದಾರಿ. ತಂಡದ ಬಳಿ ನೈಲಾನ್ ಹಗ್ಗವಲ್ಲ, ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್ ಹಗ್ಗ 20 ಮೀಟರ್ ಇರಲಿ. ಅದು ದಡದಿಂದ ಎಸೆಯಲು ಮಾತ್ರ. ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ತಂತಿ ಬಿದ್ದಿದ್ದರೆ 1912.

ಪ್ರಶ್ನೆ: ನೆರೆ ನೀರು ನುಗ್ಗಿದ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
– ಹೇಮಾವತಿ ದಂಡೆಯ ಓದುಗರು

ಮೊದಲು ಪಂಪ್ ಹಚ್ಚಿ ಕೆಸರು ನೀರು ತೆಗೆಯಿರಿ, ಹೊಸ ನೀರು ತಿಳಿಯಾಗಲಿ. ಕೆಸರಿದ್ದರೆ ಕ್ಲೋರಿನ್ ಅದರಲ್ಲೇ ಮುಗಿದುಹೋಗುತ್ತದೆ. 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಎಂಬುದು ಲೆಕ್ಕ. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ ಸುಮಾರು 24 ಗ್ರಾಂ. ಪೊಟ್ಟಣ ಒಡೆದು ಬಹಳ ದಿನ ಇಟ್ಟ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ, ಹೊಸದನ್ನೇ ತನ್ನಿ.

ಬಕೆಟ್ಟಿನಲ್ಲಿ ಪೇಸ್ಟಿನಂತೆ ಕಲಸಿ, ಮುಕ್ಕಾಲು ನೀರು ತುಂಬಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಯ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ. ರಾತ್ರಿ ಹಾಕಿ, ಬೆಳಿಗ್ಗೆ ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ನೋಡಿ. ಲೀಟರಿಗೆ 0.5 ಮಿ.ಗ್ರಾಂ. ಕ್ಲೋರಿನ್ ಉಳಿದಿರಬೇಕು, ಇಲ್ಲದಿದ್ದರೆ ಮತ್ತೊಮ್ಮೆ ಹಾಕಿ. ಅಲ್ಲಿಯವರೆಗೆ ಕುದಿಸಿದ ನೀರನ್ನೇ ಕುಡಿಯಿರಿ. ಕೆಸರು ಎತ್ತುವವರ ಕಾಲಿಗೆ ಗಮ್‌ಬೂಟ್ ಇರಲಿ. ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ನೆರೆ ನೀರಿನಲ್ಲಿ ಕೆಲಸ ಮಾಡಿದ್ದನ್ನು ತಪ್ಪದೆ ಹೇಳಿ. ಅದು ಇಲಿ ಜ್ವರ ಇರಬಹುದು.